ನೌಕರಿ ಸಿಕ್ಕಿತು, ಕೆಲಸ ಕಲಿಸುವವರು ಯಾರು?

ಫಲಿತಾಂಶ ಬಂದು ನೌಕರಿಯ ಮಾತು ಶುರುವಾಯಿತೆಂದರೆ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’ ಎರಡನೆಯದು ‘ಕಾಯಮ್ಮೋ, ಟೆಂಪರರಿಯೋ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವುಗಳ ಜೊತೆಗೇ ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವ ಪಾಲಕರು ಅಪರೂಪ: ‘ಅಲ್ಲಿ ಕೆಲಸ ಕಲಿಸುವವರು ಯಾರು? ಎಷ್ಟು ದಿನ ಕಲಿಸುತ್ತಾರೆ? ಕಲಿಯಲು ಆಗದಿದ್ದರೆ ಏನು ಗತಿ?’

ಕಂಪನಿಗಳು ಜನರನ್ನು ಹೇಗೆ ಹುಡುಕುತ್ತವೆ, ಹೇಗೆ ಆರಿಸುತ್ತವೆ, ಆರಿಸಿದ ಮೇಲೆ ಹೇಗೆ ತಯಾರು ಮಾಡುತ್ತವೆ ಎಂಬುದನ್ನು ತಿಳಿಯಲು ದಪ್ಪ ದಪ್ಪ ಮ್ಯಾನೇಜ್‌ಮೆಂಟ್ ಗ್ರಂಥಗಳೇ ಬೇಕೆಂದಿಲ್ಲ. ಬೆಂಗಳೂರಿನ ದಂಡು ಪ್ರದೇಶದಿಂದ ಹೊರಟು ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿಗಳನ್ನು ದಾಟಿ ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದವರೆಗೆ ಹೋಗಿ ಬಂದರೆ ಸಾಕು. ದೇಶದಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಎಲ್ಲ ಪದ್ಧತಿಗಳೂ ಒಂದಲ್ಲ ಒಂದು ಕಾಲದಲ್ಲಿ ಈ ದಾರಿಯಲ್ಲಿ ನಡೆದಿವೆ. ಕೆಲವು ಇಂದಿಗೂ ನಡೆಯುತ್ತಿವೆ.

ಶೆಡ್ಡಿನ ಗುರು, ಸೈನ್ಯದ ಗುರು

ಶಿವಾಜಿನಗರದ ಒಳಗಲ್ಲಿಗಳಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಗಳಿವೆ, ಮೆಕ್ಯಾನಿಕ್ ಶೆಡ್ಡುಗಳಿವೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದುಮುಂದಿನ ಓಣಿಗಳಲ್ಲಿ ದರ್ಜಿಗಳಿದ್ದಾರೆ. ಇಲ್ಲಿ ಜಾಹೀರಾತೂ ಇಲ್ಲ, ಅರ್ಜಿಯೂ ಇಲ್ಲ. ಗೊತ್ತಿರುವವರು ಹುಡುಗನೊಬ್ಬನನ್ನು ಕರೆತಂದು ಬಿಡುತ್ತಾರೆ. ಮೊದಲು ಸ್ಪ್ಯಾನರ್ ಎತ್ತಿಕೊಡುವ ಕೆಲಸ, ಆಮೇಲೆ ಬಿಚ್ಚುವ ಕೆಲಸ, ಬಹಳ ದಿನಗಳ ನಂತರ ಜೋಡಿಸುವ ಕೆಲಸ. ನೋಡುತ್ತ ನೋಡುತ್ತ ಕಲಿಯಬೇಕು. ಎಂಜಿನಿನ ಶಬ್ದ ಕೇಳಿಯೇ ರೋಗ ಹೇಳಬಲ್ಲ ನಿಪುಣರು ಹೀಗೆ ತಯಾರಾಗಿದ್ದಾರೆ. ಆದರೆ ಈ ಪದ್ಧತಿಯ ಎರಡು ಕೊರತೆಗಳು ದೊಡ್ಡವು. ಪರಿಚಯವಿಲ್ಲದವನಿಗೆ ಬಾಗಿಲು ತೆರೆಯುವುದಿಲ್ಲ. ಕಲಿತವನ ಕೈಯಲ್ಲಿ ಕಾಗದವಿರುವುದಿಲ್ಲ. ಹತ್ತು ವರ್ಷ ದುಡಿದ ಕುಶಲಿಯೂ ಬೇರೆ ಊರಿನಲ್ಲಿ ಮತ್ತೆ ಮೊದಲಿನಿಂದ ತನ್ನನ್ನು ರುಜುವಾತು ಮಾಡಬೇಕು.

ಅಲ್ಲಿಂದ ಅನತಿದೂರದಲ್ಲೇ, ಹಲಸೂರು ಕೆರೆಯ ಪಕ್ಕದಲ್ಲಿ, ಇದಕ್ಕೆ ತೀರಾ ವಿರುದ್ಧವಾದ ಪದ್ಧತಿ ಇದೆ. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಅದು. ಇಲ್ಲಿಗೆ ಸೇರಿದವನಿಗೆ ಕವಾಯತಿನ ಜೊತೆಗೆ ಒಂದು ಕಸುಬನ್ನೂ ಕಲಿಸುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು ಇವರ ಕರ್ತವ್ಯವಾದ್ದರಿಂದ ಬಡಗಿ, ಗಾರೆಯವ, ವಿದ್ಯುತ್ ಕೆಲಸದವ ಎಲ್ಲರೂ ಬೇಕು. ಇದು ವ್ಯಾಪಾರದ ಸಂಸ್ಥೆಯಲ್ಲ, ನಿಜ. ಆದರೆ ಏನೂ ತಿಳಿಯದ ಹಳ್ಳಿಯ ತರುಣನನ್ನು ಆರಿಸಿ, ಇಂತಿಷ್ಟು ಕಾಲ, ಇಂತಿಂಥ ಪಾಠ, ಇಂತಿಂಥ ಪರೀಕ್ಷೆ ಎಂದು ಗೊತ್ತುಮಾಡಿ ಕಸುಬುದಾರನನ್ನಾಗಿ ಮಾಡಬಹುದು ಎಂಬುದನ್ನು ಬೆಂಗಳೂರಿನ ಪೂರ್ವ ಭಾಗಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಇವರೂ ಸೇರಿದ್ದಾರೆ.

ಕೆಲಸಗಾರರಿಲ್ಲದ ಊರಿನಲ್ಲಿ ವಿಮಾನ

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಜಾಗ ಸಿಕ್ಕಿತು, ಅಮೆರಿಕದಿಂದ ಯಂತ್ರಗಳೂ ಕೆಲವು ತಜ್ಞರೂ ಬಂದರು. ವಿಮಾನ ಕಟ್ಟಿ ಅನುಭವವಿದ್ದ ಕೆಲಸಗಾರರು ಮಾತ್ರ ಇರಲಿಲ್ಲ. ಊರಿನಲ್ಲೇ ಏಕೆ, ದೇಶದಲ್ಲೇ ಇರಲಿಲ್ಲ.

ಇಂದಿನ ಕಂಪನಿಯಾಗಿದ್ದರೆ ಜಾಹೀರಾತಿನಲ್ಲಿ ‘ಕನಿಷ್ಠ ಐದು ವರ್ಷಗಳ ಅನುಭವ ಅಗತ್ಯ’ ಎಂದು ಬರೆಯುತ್ತಿತ್ತೋ ಏನೋ! ಅಂದು ಹಾಗೆ ಬರೆದಿದ್ದರೆ ಒಂದು ಅರ್ಜಿಯೂ ಬರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ: ಕೈಚಳಕವೂ ಕಲಿಯುವ ಬುದ್ಧಿಯೂ ಉಳ್ಳವರನ್ನು ಆರಿಸಿ ಕಾರ್ಖಾನೆಯಲ್ಲೇ ಕಲಿಸುವುದು. 1941ರಲ್ಲೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೈನ್ಯದ ವಾಯುಪಡೆಯ ಕೈಗೆ ಹೋಗಿ, ಯುದ್ಧ ವಿಮಾನಗಳ ದುರಸ್ತಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಸಾವಿರಾರು ಕೈಗಳಿಗೆ ಅದೇ ಪಾಠಶಾಲೆಯಾಯಿತು.

ಕೈಕೆಲಸದ ಜೊತೆಗೆ ಲೆಕ್ಕ ಬಲ್ಲ ತಲೆಗಳೂ ಬೇಕಲ್ಲ? 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಆ ವಿಭಾಗವನ್ನು ಕಟ್ಟುವುದರಲ್ಲಿ ಪಾಲುಗೊಂಡ ಡಾ. ವಿ.ಎಂ. ಘಾಟಗೆ ಅವರೇ ಮುಂದೆ ಎಚ್.ಎ.ಎಲ್.ನಲ್ಲಿ ಎಚ್.ಟಿ.-2 ವಿಮಾನದ ವಿನ್ಯಾಸ ಮಾಡಿದರು. ಅದು 1951ರಲ್ಲಿ ಹಾರಿತು. ಕೆಲಸಗಾರರಿಲ್ಲದ ಊರು ಹತ್ತು-ಹನ್ನೊಂದು ವರ್ಷಗಳಲ್ಲಿ ತನ್ನದೇ ವಿಮಾನ ಹಾರಿಸಿತು ಎಂದರೆ ಅದು ಯಂತ್ರಗಳ ಮಹಿಮೆಯಷ್ಟೇ ಅಲ್ಲ, ತರಬೇತಿಯ ಮಹಿಮೆಯೂ ಹೌದು.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಎಚ್.ಎ.ಎಲ್. ಲೋಹದ ರೈಲು ಬೋಗಿಗಳನ್ನು ಮಾಡತೊಡಗಿತು. ತಗಡು ಬಗ್ಗಿಸುವ, ರಿವೆಟ್ ಹೊಡೆಯುವ, ಅಳತೆ ತಪ್ಪದಂತೆ ಜೋಡಿಸುವ ವಿದ್ಯೆ ಎರಡಕ್ಕೂ ಒಂದೇ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಆ ಬೋಗಿ ವಿಭಾಗವನ್ನೇ ವಹಿಸಿಕೊಂಡಿತು. ಅದೇ ಬಿ.ಇ.ಎಂ.ಎಲ್. ಮುಂದೆ ಮೆಟ್ರೊ ಬೋಗಿಗಳನ್ನು ಕಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ವಂದೇ ಭಾರತ್ ಸ್ಲೀಪರ್ ರೈಲಿನ ಮೊದಲ ಮಾದರಿ ಹೊರಬಂದದ್ದೂ ಅದರ ಬೆಂಗಳೂರು ಘಟಕದಲ್ಲೇ. ಬುಡಭದ್ರವಾಗಿ ಕಲಿಸಿದ ಕಸುಬು ಒಂದು ಸರಕಿಗೆ ಕಟ್ಟುಬೀಳುವುದಿಲ್ಲ; ಸರಕು ಬದಲಾದರೂ ಅದು ಉಳಿಯುತ್ತದೆ.

ಎರಡು ಐ.ಟಿ.ಐ.ಗಳು

ಕೆ.ಆರ್. ಪುರದ ಬಳಿ ದೂರವಾಣಿನಗರ ಎಂಬ ಬಡಾವಣೆಯ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ವತಂತ್ರ ಭಾರತದ ಸಾರ್ವಜನಿಕ ರಂಗದ ಮೊದಲ ಕಾರ್ಖಾನೆಗಳಲ್ಲಿ ಒಂದು. ಇದನ್ನು ‘ಐ.ಟಿ.ಐ.’ ಎನ್ನುತ್ತೇವೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ವಿದ್ಯೆ ಕಲಿಸುವ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನೂ ‘ಐ.ಟಿ.ಐ.’ ಎನ್ನುತ್ತೇವೆ. ಇವು 1950ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯ ಕೂಸುಗಳು. ‘ನಮ್ಮ ಹುಡುಗ ಐ.ಟಿ.ಐ. ಸೇರಿದ’ ಎಂದರೆ ಕಲಿಯಲೋ ದುಡಿಯಲೋ ಎಂದು ಕೆ.ಆರ್. ಪುರದ ಕಡೆ ಕೇಳಿ ತಿಳಿಯಬೇಕಾಗಿತ್ತು!

ಆ ಕಾಲದ ಸಾರ್ವಜನಿಕ ರಂಗದ ಕಾರ್ಖಾನೆಗಳಿಗೆ ಸೇರುವ ದಾರಿ ಬಹುಮಟ್ಟಿಗೆ ಹೀಗಿತ್ತು: ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಣಿ, ಅಲ್ಲಿಂದ ಕರೆ, ಕಸುಬಿನ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ, ನಂತರ ತರಬೇತಿ ಮತ್ತು ಪ್ರೊಬೇಷನ್. 25 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಈ ಕೇಂದ್ರಕ್ಕೆ ತಿಳಿಸಲೇಬೇಕೆಂದು 1959ರ ಕಾಯಿದೆ ವಿಧಿಸಿತ್ತು. ಆದರೆ ಆ ಪಟ್ಟಿಯಿಂದಲೇ ಆರಿಸಬೇಕೆಂದು ಅದು ಹೇಳಿರಲಿಲ್ಲ. ಸಾರ್ವಜನಿಕ ನೌಕರಿಗೆ ಈ ಪಟ್ಟಿಯೊಂದೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಣೆ ನೀಡಿ ಎಲ್ಲರಿಗೂ ಅವಕಾಶ ಕೊಡಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಎಷ್ಟೋ ವರ್ಷ ನೋಂದಣಿ ಚೀಟಿಯನ್ನು ನವೀಕರಿಸುತ್ತ ಕಾದು ಕುಳಿತ ತಲೆಮಾರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು.

ಬ್ರಿಟನ್ನಿನ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್ ಅವರು ಬೆಂಗಳೂರಿನ ನಾಲ್ಕು ಕಾರ್ಖಾನೆಗಳ ಕೆಲಸಗಾರರನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಕಾಯಂ ನೌಕರಿಯನ್ನು ಕೋಟೆಗೆ ಹೋಲಿಸಿದ್ದಾರೆ. ಒಳಗಿದ್ದವರು ನಿಶ್ಚಿಂತರು, ಹೊರಗಿದ್ದವರು ಬಾಗಿಲು ಹುಡುಕುತ್ತಿರುವವರು. ಆ ಕೋಟೆ ಸಂಬಳ, ವಸತಿಗೃಹ, ಆಸ್ಪತ್ರೆ, ಶಾಲೆಗಳನ್ನು ಕೊಟ್ಟಿತು. ದೂರವಾಣಿನಗರದಲ್ಲಿ ಟೆಲಿಫೋನಿನ ಸೂಕ್ಷ್ಮ ಭಾಗಗಳನ್ನು ಜೋಡಿಸುವ ಕೆಲಸಕ್ಕೆ ಮಹಿಳೆಯರನ್ನು ಗಣನೀಯವಾಗಿ ನೇಮಿಸಿಕೊಂಡಿದ್ದರಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಮೊದಲ ಬಾರಿಗೆ ಸಂಬಳದ ಲಕೋಟೆ ಕಂಡರು.

ಆದರೆ ಕೋಟೆಗೂ ಕಾಲ ಬರುತ್ತದೆ. ದೂರವಾಣಿನಗರ ಮೊದಲು ಮಾಡಿದ್ದು ಸ್ಟ್ರೋಜರ್ ಎಂಬ ವಿದ್ಯುತ್-ಯಾಂತ್ರಿಕ ಎಕ್ಸ್‌ಚೇಂಜುಗಳನ್ನು. ಆಮೇಲೆ ಕ್ರಾಸ್‌ಬಾರ್ ಬಂತು. ನಂತರ, 1980ರ ದಶಕದಿಂದ, ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವು. ರಿಲೇಗಳನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೊಂದಿಸಬಲ್ಲ ಬೆರಳುಗಳ ಕೆಲಸವನ್ನು ಒಂದು ಸಣ್ಣ ಬಿಲ್ಲೆ ಮಾಡತೊಡಗಿತು. ನೂರು ಜನ ಮಾಡುತ್ತಿದ್ದುದಕ್ಕೆ ಕೆಲವರು ಸಾಕಾದರು. ಇತ್ತ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಿಂದ 1956ರಲ್ಲಿ ಆರಂಭವಾಗಿದ್ದ, ಮೋಟಾರು, ಟ್ರಾನ್ಸ್‌ಫಾರ್ಮರುಗಳಿಗೆ ಹೆಸರಾಗಿದ್ದ ಎನ್.ಜಿ.ಇ.ಎಫ್. ನಷ್ಟದಲ್ಲಿ ಮುಳುಗಿ 2002ರಲ್ಲಿ ಬಾಗಿಲು ಹಾಕಿತು. ಒಮ್ಮೆ ಆರಿಸಿ, ಒಮ್ಮೆ ಕಲಿಸಿ, ಮೂವತ್ತು ವರ್ಷ ನಿಶ್ಚಿಂತೆಯಾಗಿರಬಹುದು ಎಂಬ ನಂಬಿಕೆಯೂ ಅದರ ಜೊತೆ ಹೋಯಿತು.

ಅಪ್ರೆಂಟಿಸ್ ಎಂದರೆ ಯಾರು?

ಶೆಡ್ಡಿನ ಕಲಿಕೆಗೆ ಕಾಗದವಿಲ್ಲ, ಕಾಲೇಜಿನ ಕಾಗದಕ್ಕೆ ಕಸುಬಿಲ್ಲ. ಇವೆರಡನ್ನು ಕೂಡಿಸಲು ಬಂದದ್ದು 1961ರ ಅಪ್ರೆಂಟಿಸ್ ಕಾಯಿದೆ. ಮೊದಲು ಕಸುಬಿನವರಿಗಷ್ಟೇ ಇದ್ದುದನ್ನು 1973ರಲ್ಲಿ ತಿದ್ದುಪಡಿ ಮಾಡಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾ ಪಡೆದವರನ್ನೂ ಸೇರಿಸಲಾಯಿತು. 2014ರ ತಿದ್ದುಪಡಿ ಇತರ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ಬಲದ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂ.ಗಳವರೆಗೆ ಕನಿಷ್ಠ ಭತ್ಯೆಯನ್ನು ಆ ವರ್ಷ ನಿಗದಿ ಮಾಡಲಾಗಿತ್ತು.

ಪಾಲಕರು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅಪ್ರೆಂಟಿಸ್ ಎಂದರೆ ಕಾನೂನಿನ ಕಣ್ಣಿನಲ್ಲಿ ಕಲಿಯುವವನು, ನೌಕರನಲ್ಲ. ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕೊಡಬೇಕು. ಇದನ್ನು ತಿಳಿಯದೆ ‘ಎಚ್.ಎ.ಎಲ್.ನಲ್ಲಿ ಸೇರಿದ, ಇನ್ನು ಕಾಯಂ’ ಎಂದು ಲೆಕ್ಕಹಾಕುವವರು ವರ್ಷದ ಕೊನೆಗೆ ನೊಂದುಕೊಳ್ಳುತ್ತಾರೆ. ಹಾಗೆಂದು ಆ ವರ್ಷ ವ್ಯರ್ಥವಲ್ಲ. ನಿಜವಾದ ಯಂತ್ರದ ಮುಂದೆ, ನಿಜವಾದ ಅಳತೆಯ ಶಿಸ್ತಿನಲ್ಲಿ ಕಳೆದ ಒಂದು ವರ್ಷ ಮತ್ತು ಅದರ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಬೇರೆ ಕಾರ್ಖಾನೆಯಲ್ಲಿ ಬೆಲೆ ಇದೆ. ಹಿರಿಯರು ಹೇಳುವ ‘ಕಲಿತವನಿಗಿಂತ ನುರಿತವನೇ ಮೇಲು’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಇಂಥ ದಾರಿಗಳಿವೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ರಾಜಾಜಿನಗರದಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಚ್ಚು, ಉಪಕರಣ ತಯಾರಿಕೆಯ ಡಿಪ್ಲೊಮಾ ಕೊಡುತ್ತದೆ. ಓದಿನ ಜೊತೆಗೆ ಕಾರ್ಖಾನೆಯೊಳಗಿನ ತರಬೇತಿಯೂ ಅದರ ಭಾಗ. ಟೊಯೊಟಾ ಕಂಪನಿ 2007ರಿಂದ ಬಿಡದಿಯಲ್ಲಿ ಗ್ರಾಮೀಣ ಭಾಗದ ಬಡ ಮಕ್ಕಳನ್ನು ಹತ್ತನೆಯ ತರಗತಿಯ ನಂತರ ಆರಿಸಿ, ಊಟ-ವಸತಿ ಕೊಟ್ಟು ಮೂರು ವರ್ಷ ಕಲಿಸುವ ಶಾಲೆ ನಡೆಸುತ್ತಿದೆ. ಬೇಕಾದ ಕೆಲಸಗಾರ ಸಿದ್ಧವಾಗಿ ಸಿಗದಿದ್ದರೆ ತಾನೇ ತಯಾರು ಮಾಡಿಕೊಳ್ಳುವ 1940ರ ಬುದ್ಧಿ ಇದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬುದು ಕಂಪನಿಗಳಿಗೂ ಗೊತ್ತು.

ಜರಡಿ ಎಷ್ಟು ನಂಬಿಕಸ್ಥ?

ಈಗ ಆಯ್ಕೆಯ ವಿಚಾರಕ್ಕೆ ಬರೋಣ. ಹುದ್ದೆ ಕಡಿಮೆ, ಅರ್ಜಿ ಹೆಚ್ಚು. ಆದ್ದರಿಂದ ಕಂಪನಿ ಒಂದರ ಕೆಳಗೊಂದು ಜರಡಿ ಇಡುತ್ತದೆ. ಅಂಕಗಳ ಜರಡಿ, ಲಿಖಿತ ಪರೀಕ್ಷೆಯ ಜರಡಿ, ಗುಂಪು ಚರ್ಚೆಯ ಜರಡಿ, ಸಂದರ್ಶನದ ಜರಡಿ. ಈಚೆಗೆ ಅರ್ಜಿಗಳನ್ನು ಮೊದಲು ಓದುವುದೇ ಕಂಪ್ಯೂಟರು. ಹುದ್ದೆಯ ವಿವರಣೆಯಲ್ಲಿರುವ ಪದಗಳು ಅರ್ಜಿಯಲ್ಲಿ ಇಲ್ಲದಿದ್ದರೆ ಮನುಷ್ಯನ ಕಣ್ಣಿಗೆ ಬೀಳುವ ಮೊದಲೇ ಅದು ಬದಿಗೆ ಸರಿಯಬಹುದು. ತನಗೆ ಬರುವ ಕೆಲಸವನ್ನು ಸರಿಯಾದ ಹೆಸರಿನಿಂದ ಬರೆಯುವುದು ಅದಕ್ಕಾಗಿಯೇ ಮುಖ್ಯ.

ಯಾವ ಜರಡಿ ಎಷ್ಟು ನಂಬಿಕಸ್ಥ? ಇದನ್ನು ಅಳೆಯಬಹುದು. ಆಯ್ಕೆಯ ವೇಳೆ ಪಡೆದ ಅಂಕ ಮತ್ತು ಮುಂದೆ ಕೆಲಸದಲ್ಲಿ ತೋರಿದ ಸಾಮರ್ಥ್ಯ ಇವೆರಡರ ನಡುವಿನ ಸಂಬಂಧವನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧ ಗುಣಾಂಕ ಎನ್ನುತ್ತಾರೆ. ಅದು 1 ಆದರೆ ಪರೀಕ್ಷೆ ಭವಿಷ್ಯವನ್ನು ತಪ್ಪಿಲ್ಲದೆ ಹೇಳಿತು ಎಂದರ್ಥ. 0 ಆದರೆ ಗಿಳಿಶಾಸ್ತ್ರ ಕೇಳಿದಂತೆ. 1998ರಲ್ಲಿ ಅಮೆರಿಕದ ಷ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದರು. ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆಗೆ 0.54, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇಟ್ಟು ನಡೆಸುವ ಸಂದರ್ಶನಕ್ಕೆ 0.51, ಬಾಯಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನಕ್ಕೆ 0.38, ಓದಿದ ವರ್ಷಗಳ ಲೆಕ್ಕಕ್ಕೆ ಬರೀ 0.10, ಕೈಬರಹ ನೋಡಿ ಸ್ವಭಾವ ಹೇಳುವುದಕ್ಕೆ 0.02. ಅವರು ಲೆಕ್ಕಹಾಕಿದ ಕ್ರಮದಲ್ಲಿ ಈ ಅಂಕಿಗಳು ಉಬ್ಬಿವೆ ಎಂದು 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ತೋರಿಸಿದರು. ಹೊಸ ಲೆಕ್ಕದಲ್ಲಿ ಕ್ರಮಬದ್ಧ ಸಂದರ್ಶನಕ್ಕೆ 0.42, ಕ್ರಮವಿಲ್ಲದ ಸಂದರ್ಶನಕ್ಕೆ 0.19.

ಗಣಿತದ ವಿದ್ಯಾರ್ಥಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. 0.42ರ ವರ್ಗ ಸುಮಾರು 0.18. ಅಂದರೆ ಕೆಲಸಗಾರರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಶೇ. 18ರಷ್ಟನ್ನು ಮಾತ್ರ ಆ ಉತ್ತಮ ಸಂದರ್ಶನವೂ ಮೊದಲೇ ಹಿಡಿಯಬಲ್ಲದು. ಉಳಿದದ್ದು ಅದರ ಅಳತೆಗೆ ಸಿಗುವುದಿಲ್ಲ. ಕೆಲಸಕ್ಕೆ ಸೇರಿದ ಮೇಲಿನ ಕಲಿಕೆ, ಮೇಲಧಿಕಾರಿ, ಸಂಗಡಿಗರು, ಆರೋಗ್ಯ, ಆಸಕ್ತಿ ಎಲ್ಲವೂ ಅದರಲ್ಲಿ ಸೇರಿವೆ.

ಇದರಿಂದ ವಿದ್ಯಾರ್ಥಿಗಳು ಕಲಿಯಬೇಕಾದ್ದು ಎರಡು. ಒಂದು, ಸಂದರ್ಶನದಲ್ಲಿ ತಿರಸ್ಕಾರವಾದರೆ ಅದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪಲ್ಲ. ಒಂದು ಒರಟು ಜರಡಿಯ ಫಲ. ಗಟ್ಟಿ ಕಾಳೂ ಕೆಳಗೆ ಬೀಳುತ್ತದೆ, ಜೊಳ್ಳೂ ಮೇಲುಳಿಯುತ್ತದೆ. ಒಂದು ನಿರಾಕರಣೆಯಿಂದ ಊಟ ಬಿಟ್ಟು ಮೂಲೆ ಸೇರುವ ಮಕ್ಕಳಿಗೆ ಪಾಲಕರು ಇದನ್ನು ತಿಳಿಹೇಳಬೇಕು. ಎರಡು, ‘ಮಾಡಿ ತೋರಿಸು’ ಎಂಬ ಪರೀಕ್ಷೆಗೆ ಸಿದ್ಧರಾಗಿ. ಎಲೆಕ್ಟ್ರಾನಿಕ್ಸ್ ಓದಿದವರು ಒಂದು ಸರ್ಕಿಟ್ಟನ್ನು ಸ್ವತಃ ಬೆಸುಗೆ ಹಾಕಿರಲಿ. ರಸಾಯನಶಾಸ್ತ್ರ ಓದಿದವರ ಟೈಟ್ರೇಷನ್ ಮೂರು ಸಲ ಮಾಡಿದರೂ ಒಂದೇ ಉತ್ತರ ಬರಲಿ.

ಮಿಲ್ಲರ್ಸ್ ರಸ್ತೆಯಿಂದ ವೈಟ್‌ಫೀಲ್ಡಿಗೆ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕೇಂದ್ರ ತೆರೆಯಿತು. ಅದರ ಉಪಗ್ರಹ ಸಂಪರ್ಕದ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ತಂದ ಚಿತ್ರ ಪ್ರಸಿದ್ಧವಾಗಿದೆ. ನಂತರ ಅದು ಸಿ.ವಿ. ರಾಮನ್ ನಗರಕ್ಕೆ, ಹಳೆಯ ಸಾರ್ವಜನಿಕ ಕಾರ್ಖಾನೆಗಳ ನೆರೆಗೇ ಬಂತು. ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕು 1998ರ ಹೊತ್ತಿಗೆ ಆರಂಭವಾಯಿತು. ಕೆ.ಆರ್. ಪುರ ದಾಟುವ ಬಸ್ಸುಗಳಲ್ಲಿ ಟಿಫಿನ್ ಡಬ್ಬಿಯ ಬದಲು ಲ್ಯಾಪ್‌ಟಾಪ್ ಚೀಲಗಳು ಕಾಣಿಸಿಕೊಂಡವು.

ಸಾಫ್ಟ್‌ವೇರ್ ಕಂಪನಿಗಳು ದೊಡ್ಡ ಪ್ರಮಾಣದಲ್ಲಿ ನೇಮಕ ಮಾಡಿಕೊಳ್ಳುವಾಗ ಮಾಡಿದ್ದೂ ಹೊಸದೇನಲ್ಲ, ಎಚ್.ಎ.ಎಲ್. ಮಾಡಿದ್ದೇ. ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ತೆಗೆದುಕೊಂಡು ತಿಂಗಳುಗಟ್ಟಲೆ ತಾವೇ ಕಲಿಸಿದರು. ವಿಪ್ರೊ 1995ರಲ್ಲಿ ಬಿಟ್ಸ್ ಪಿಲಾನಿಯ ಸಹಯೋಗದಲ್ಲಿ ಬಿ.ಎಸ್ಸಿ. ಪದವೀಧರರಿಗಾಗಿ ಒಂದು ಯೋಜನೆ ಆರಂಭಿಸಿತು. ಕೆಲಸ ಮಾಡುತ್ತಲೇ ಸ್ನಾತಕೋತ್ತರ ಪದವಿ ಓದುವ ಅವಕಾಶ ಅದು. ಹೆಸರು ಬದಲಾದರೂ ಆ ದಾರಿ ಮುಂದುವರಿಯಿತು, ಬಿ.ಸಿ.ಎ.ಯವರಿಗೂ ತೆರೆಯಿತು. ‘ಬಿ.ಎಸ್ಸಿ. ಮಾಡಿ ಏನು ಪ್ರಯೋಜನ?’ ಎಂದು ಕೇಳುವ ಪಾಲಕರು ಇದನ್ನು ನೆನಪಿಡಬೇಕು.

ಇನ್ಫೋಸಿಸ್ ಮೈಸೂರಿನಲ್ಲಿ ಕಟ್ಟಿದ ತರಬೇತಿ ಕೇಂದ್ರ ಜಗತ್ಪ್ರಸಿದ್ಧ. ಅದೇ ಕೇಂದ್ರದಿಂದ 2025ರ ಫೆಬ್ರವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿ ನಿರತರು ಮನೆಗೆ ಮರಳಬೇಕಾಯಿತು. ಆಂತರಿಕ ಪರೀಕ್ಷೆಗೆ ಮೂರು ಅವಕಾಶಗಳಿರುತ್ತವೆ, ಮೂರರಲ್ಲೂ ತೇರ್ಗಡೆಯಾಗದಿದ್ದರೆ ಮುಂದುವರಿಯುವಂತಿಲ್ಲ, ಇದು ಒಪ್ಪಂದದಲ್ಲೇ ಇದೆ ಎಂದು ಕಂಪನಿ ಹೇಳಿತು. ನೌಕರರ ಪರ ಸಂಘಟನೆ ಕ್ರಮವನ್ನು ಪ್ರಶ್ನಿಸಿ ಸರ್ಕಾರಕ್ಕೆ ದೂರಿತು. ಆ ತಂಡದಲ್ಲಿ ಅನೇಕರು 2022ರಲ್ಲೇ ಆಯ್ಕೆಯಾಗಿ, ಎರಡು ವರ್ಷಕ್ಕೂ ಹೆಚ್ಚು ಕಾದು, 2024ರ ಅಕ್ಟೋಬರ್‌ನಲ್ಲಿ ಸೇರಿದ್ದವರು. ಕಾಲೇಜು ಬಿಟ್ಟು ಎರಡು ವರ್ಷ ಪುಸ್ತಕ ಮುಟ್ಟದೆ ಕಾದವನಿಗೆ ಪರೀಕ್ಷೆ ಎಷ್ಟು ಕಷ್ಟ ಎಂದು ಪಾಠ ಮಾಡುವ ನಮಗೆ ಗೊತ್ತು. ಇಲ್ಲಿ ಯಾರದು ಸರಿ ಯಾರದು ತಪ್ಪು ಎಂಬುದಕ್ಕಿಂತ ಕಲಿಯಬೇಕಾದ್ದು ಇದು: ಆಯ್ಕೆಯ ಪತ್ರ ಕೈಗೆ ಬಂದಾಗ ಆಯ್ಕೆ ಮುಗಿದಿರುವುದಿಲ್ಲ. ತರಬೇತಿಯೇ ಕೊನೆಯ, ಎಲ್ಲಕ್ಕಿಂತ ಕಿರಿದಾದ ಜರಡಿ. ಪತ್ರ ಬಂದ ದಿನದಿಂದ ಸೇರುವ ದಿನದವರೆಗೆ ಓದು ನಿಲ್ಲಬಾರದು.

ಬಾಂಡಿನ ಮಾತು

ಕಲಿಸಲು ಖರ್ಚಾಗುತ್ತದೆ. ಖರ್ಚು ಮಾಡಿದ ಮೇಲೆ ಹುಡುಗ ಬಿಟ್ಟುಹೋದರೆ? ಈ ಭಯದಿಂದ ಹುಟ್ಟಿದ್ದು ಬಾಂಡ್. ಈ ವಿಷಯದಲ್ಲಿ ನಮ್ಮ ಊರಿನದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕು (2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು) ತನ್ನ ಅಧಿಕಾರಿಗಳು ಮೂರು ವರ್ಷ ಮುಗಿಯುವ ಮೊದಲೇ ಬಿಟ್ಟರೆ 2 ಲಕ್ಷ ರೂ. ಕಟ್ಟಬೇಕೆಂಬ ಷರತ್ತು ಹಾಕಿತ್ತು. 2009ರಲ್ಲಿ ಬೇರೆ ಬ್ಯಾಂಕು ಸೇರಲು ಹೊರಟ ಅಧಿಕಾರಿಯೊಬ್ಬರು ಹಣ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಷರತ್ತು ಸಿಂಧು ಎಂದಿತು. ಸಾರ್ವಜನಿಕ ಬ್ಯಾಂಕು ಬಹಿರಂಗ ನೇಮಕಾತಿಗೆ ಮಾಡುವ ಖರ್ಚನ್ನೂ, ಸಿಬ್ಬಂದಿ ಅಕಾಲದಲ್ಲಿ ಬಿಡುವುದರಿಂದಾಗುವ ತೊಂದರೆಯನ್ನೂ ಅದು ಎತ್ತಿ ಹೇಳಿತು.

ಆದ್ದರಿಂದ ‘ಬಾಂಡ್ ಎಲ್ಲ ಬರೀ ಬೆದರಿಕೆ, ಸಹಿ ಹಾಕು’ ಎನ್ನುವ ಬುದ್ಧಿವಂತರ ಮಾತು ಕೇಳಬೇಡಿ. ಹಾಗೆಯೇ ಎಲ್ಲ ಬಾಂಡೂ ನ್ಯಾಯವಾದದ್ದೆಂದೂ ಅಲ್ಲ. ಅಳತೆಗೋಲು ಸರಳ: ಕೇಳುವ ಮೊತ್ತಕ್ಕೂ, ಕಟ್ಟಿಹಾಕುವ ವರ್ಷಗಳಿಗೂ ತಕ್ಕಷ್ಟು ಕಲಿಸುತ್ತಾರೆಯೆ?

ಒಳ್ಳೆಯ ತರಬೇತಿಯ ಗುರುತು

ಕೆಲಸ ಕಲಿಸುವುದಕ್ಕೂ ಒಂದು ಶಾಸ್ತ್ರವಿದೆ. ಅಮೆರಿಕದ ಚಾರ್ಲ್ಸ್ ಅಲೆನ್ ಎಂಬ ಶಿಕ್ಷಣತಜ್ಞರು ಹಡಗುಕಟ್ಟೆಯ ಕೆಲಸಗಾರರಿಗೆ ಕಲಿಸಿದ ಅನುಭವದಿಂದ 1919ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೊಸಬರಿಗೆ ಕಲಿಸಿದ್ದು, ಆಮೇಲೆ ಜಪಾನಿನ ಕಾರ್ಖಾನೆಗಳಿಗೆ ಹೋದದ್ದು ಇದೇ ಕ್ರಮ. ಮೊದಲನೆಯದು ಸಿದ್ಧತೆ: ಕಲಿಯುವವನಿಗೆ ಏನು ಗೊತ್ತಿದೆ ಎಂದು ತಿಳಿದು, ಭಯ ಬಿಡಿಸುವುದು. ಎರಡನೆಯದು ಪ್ರದರ್ಶನ: ಒಂದೊಂದೇ ಹೆಜ್ಜೆ ಮಾಡಿ ತೋರಿಸಿ ಕಾರಣ ಹೇಳುವುದು. ಮೂರನೆಯದು ಪ್ರಯತ್ನ: ಅವನಿಂದ ಮಾಡಿಸಿ, ಮಾಡುತ್ತಲೇ ವಿವರಿಸಲು ಹೇಳಿ, ತಪ್ಪನ್ನು ಅಲ್ಲೇ ತಿದ್ದುವುದು. ನಾಲ್ಕನೆಯದು ಪರಿಶೀಲನೆ: ಒಂಟಿಯಾಗಿ ಬಿಟ್ಟು, ಆಗಾಗ ಬಂದು ನೋಡುತ್ತ, ನಿಧಾನವಾಗಿ ದೂರ ಸರಿಯುವುದು.

ಇದನ್ನು ಇಂದಿನ ಎಷ್ಟೋ ‘ತರಬೇತಿ’ಗಳೊಡನೆ ಹೋಲಿಸಿ ನೋಡಿ. ಒಂದು ದಿನ ಕೂರಿಸಿ ವಿಡಿಯೊ ತೋರಿಸಿ ಕಳುಹಿಸಿದರೆ ಅದು ಎರಡನೆಯ ಮೆಟ್ಟಿಲನ್ನೂ ಪೂರ್ತಿ ಹತ್ತಿದಂತಲ್ಲ. ಮನೆಬಾಗಿಲಿಗೆ ಊಟ, ಸಾಮಾನು ತಲುಪಿಸುವ ಸಾವಿರಾರು ತರುಣರು ಇಂದಿರಾನಗರದ ರಸ್ತೆಗಳಲ್ಲಿ ಕಾಣುತ್ತಾರೆ. ಅವರ ನೇಮಕಾತಿ ಮೊಬೈಲಿನಲ್ಲೇ ಮುಗಿಯುತ್ತದೆ. ಬಹುತೇಕ ತರಬೇತಿಯೂ ಅದರಲ್ಲೇ. ಅವರನ್ನು ನೌಕರರೆನ್ನದೆ ‘ಪಾಲುದಾರ’ರೆಂದು ಕರೆಯುತ್ತಾರೆ. ಇವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದದ್ದು ಒಳ್ಳೆಯ ಹೆಜ್ಜೆ. ಆ ದುಡಿಮೆಗೆ ಗೌರವವಿದೆ. ಆದರೆ ಐದು ವರ್ಷ ಗಾಡಿ ಓಡಿಸಿದವನಿಗೆ ಆರನೆಯ ವರ್ಷ ಹೊಸ ವಿದ್ಯೆಯೇನೂ ಬಂದಿರುವುದಿಲ್ಲ. ಓದು ನಿಲ್ಲಿಸಿ ಅದಕ್ಕೆ ಇಳಿಯುವ ಮೊದಲು ಇದನ್ನು ಯೋಚಿಸಬೇಕು.

ಸಹಿ ಹಾಕುವ ಮುನ್ನ

ಮಕ್ಕಳ ಕೈಗೆ ನೇಮಕಾತಿ ಪತ್ರ ಬಂದಾಗ ಪಾಲಕರು ಅವರ ಜೊತೆ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಹುಡುಕಲಿ.

1. ಇದು ನೌಕರಿಯೋ, ಅಪ್ರೆಂಟಿಸ್ ತರಬೇತಿಯೋ, ಗುತ್ತಿಗೆಯೋ? ಪತ್ರ ಕೊಟ್ಟವರು ಆ ಕಂಪನಿಯವರೋ, ನಡುವಿನ ಏಜೆನ್ಸಿಯೋ?

2. ತರಬೇತಿ ಎಷ್ಟು ಕಾಲ? ಆ ಅವಧಿಯಲ್ಲಿ ಸಂಬಳವೋ, ಭತ್ಯೆಯೋ, ಎಷ್ಟು?

3. ತರಬೇತಿಯ ಕೊನೆಗೆ ಪರೀಕ್ಷೆ ಇದೆಯೆ? ಎಷ್ಟು ಅವಕಾಶ? ತೇರ್ಗಡೆಯಾಗದಿದ್ದರೆ ಏನು?

4. ಹೊರಗೆ ಮಾನ್ಯವಾಗುವ ಪ್ರಮಾಣಪತ್ರ ಸಿಗುತ್ತದೆಯೆ?

5. ಬಾಂಡ್ ಇದ್ದರೆ ಎಷ್ಟು ವರ್ಷ, ಎಷ್ಟು ಹಣ? ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೆ? ಇಟ್ಟುಕೊಳ್ಳುವುದಾದರೆ ಎಚ್ಚರ.

6. ಎರಡು ವರ್ಷದ ನಂತರ ನಮ್ಮ ಮಗುವಿಗೆ ಇಂದು ಬಾರದ ಯಾವ ಕೆಲಸ ಬರುತ್ತದೆ?

ಕೊನೆಯದಾಗಿ ಒಂದು ಕಟ್ಟುನಿಟ್ಟಿನ ಮಾತು. ಕೆಲಸ ಕೊಡಲು ‘ಡಿಪಾಜಿಟ್’, ‘ತರಬೇತಿ ಶುಲ್ಕ’, ‘ಲ್ಯಾಪ್‌ಟಾಪ್ ಮುಂಗಡ’ ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಕಿವಿಯ ಓಲೆ ಅಡವಿಟ್ಟು ಇಂಥ ಒಂದು ಕಚೇರಿಗೆ ಹಣ ಕಟ್ಟಿದರು. ಹದಿನೈದು ದಿನಕ್ಕೆ ಕಚೇರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ನಿಜವಾಗಿ ಜನ ಬೇಕಾದ ಕಂಪನಿ ತಾನು ಖರ್ಚು ಮಾಡಿ ಕಲಿಸುತ್ತದೆ, ಕಲಿಯುವವನಿಗೇ ಭತ್ಯೆ ಕೊಡುತ್ತದೆ. ಮೊದಲೇ ಕೈಚಾಚುವವನ ಬಳಿ ಕೊಡಲು ಕೆಲಸ ಇರುವುದಿಲ್ಲ. ಇಂಥ ಪತ್ರ ಬಂದರೆ ಆ ಕಂಪನಿಯ ಅಧಿಕೃತ ವಿಳಾಸಕ್ಕೆ ನೇರವಾಗಿ ಬರೆದು ಕೇಳಿ. ಹಣ ಹೋಗಿದ್ದರೆ ನಾಚಿಕೆಪಡದೆ ಪೊಲೀಸರಿಗೆ ದೂರು ಕೊಡಿ. ಮುಂದಿನ ಮನೆಯ ಓಲೆಯಾದರೂ ಉಳಿದೀತು.